ಒಡೆದ ಬಾವುಟ
('೧೯೧೪ರ ಬೇಸಗೆ' ಕಾದಂಬರಿಯ ಒಂದು ವಿಮರ್ಶೆ)

ಯುದ್ಧವನ್ನು ಕುರಿತು ಬಂದಿರುವ ಕಾದಂಬರಿಗಳಲ್ಲಿ ಹೆಚ್ಚಿನವು ರಣರಂಗದ ಕಥೆಗಳು. ಕಂದಕ, ಕೆಸರು, ಫಿರಂಗಿ, ಗಾಯಾಳುಗಳ ನರಳಾಟ, ಇವುಗಳಿಂದಲೇ ಅವು ತುಂಬಿರುತ್ತವೆ. ಫ್ರೆಂಚ್ ಕಾದಂಬರಿಕಾರ ರೊಜೇ ಮಾರ್ತ್ಯಾಂ ದ್ಯು ಗಾರ್ ೧೯೩೬ರಲ್ಲಿ ಮೂರು ಸಂಪುಟಗಳಾಗಿ ಪ್ರಕಟಿಸಿದ '೧೯೧೪ರ ಬೇಸಗೆ' ಆ ಜಾತಿಗೆ ಸೇರಿದ್ದಲ್ಲ. ತಿಬೋ ಮನೆತನದ ಕಥೆಯನ್ನು ಹೇಳುವ ಅವನ ಮಹಾಕಾದಂಬರಿಯ ಏಳನೆಯ ಭಾಗವಿದು. ಇದು ಹೊರಬಂದ ಮಾರನೆಯ ವರ್ಷವೇ ಅವನಿಗೆ ನೊಬೆಲ್ ಬಹುಮಾನ ದೊರೆಯಿತು. ಯುದ್ಧವನ್ನು ತಡೆದೇ ತಡೆಯುವೆವೆಂದು ಹೊರಟವರ ಸೋಲೇ ಇದರ ವಸ್ತು. ೧೯೧೪ರ ಜೂನ್ ೨೮ರಿಂದ ಆಗಸ್ಟ್ ೧೦ರವರೆಗಿನ ಆರು ವಾರಗಳಲ್ಲಿ ಯೂರೋಪಿನ ಸಮಾಜವಾದಿ ಚಳವಳಿ ಹೇಗೆ ಒಡೆಯಿತೆಂಬುದನ್ನು ಇಷ್ಟು ಹತ್ತಿರದಿಂದ ನೋಡಿದ ಮತ್ತೊಂದು ಕಾದಂಬರಿಯನ್ನು ನಾವು ಕಾಣೆವು.

ಆ ಸೋಲಿನ ಆಳ ತಿಳಿಯಬೇಕಾದರೆ ಚಳವಳಿಯ ಬಲವನ್ನು ನೆನೆಯಬೇಕು. ೧೯೧೨ರ ಚುನಾವಣೆಯಲ್ಲಿ ಜರ್ಮನಿಯ ಸೋಷಿಯಲ್ ಡೆಮಾಕ್ರಟಿಕ್ ಪಕ್ಷ ೩೯೭ ಸ್ಥಾನಗಳ ರೈಖ್‌ಸ್ಟಾಗಿನಲ್ಲಿ ೧೧೦ನ್ನು ಗೆದ್ದಿತ್ತು. ಹತ್ತು ಲಕ್ಷಕ್ಕೂ ಮಿಕ್ಕ ಸದಸ್ಯರು, ತನ್ನದೇ ಪತ್ರಿಕೆಗಳು, ಕಾರ್ಮಿಕ ಸಂಘಗಳ ಬೆಂಬಲ, ಎಲ್ಲವೂ ಅದಕ್ಕಿದ್ದವು. ಯುದ್ಧವನ್ನು ತಡೆಯುವುದು ಕಾರ್ಮಿಕರ ಕರ್ತವ್ಯವೆಂದು ೧೯೦೭ರ ಸ್ಟುಟ್‌ಗಾರ್ಟ್ ಸಮ್ಮೇಳನ ಸಾರಿತ್ತು. ೧೯೧೨ರಲ್ಲಿ ಬಾಸೆಲ್ ನಗರದ ದೊಡ್ಡ ಇಗರ್ಜಿಯಲ್ಲಿ ನೆರೆದು ಎಲ್ಲ ದೇಶಗಳ ಸಮಾಜವಾದಿಗಳೂ ಅದನ್ನು ಪುನರುಚ್ಚರಿಸಿದ್ದರು. ಆದರೆ ಆ ಠರಾವುಗಳಲ್ಲಿ ಒಂದು ತೆರಪನ್ನು ಬೇಕೆಂದೇ ಉಳಿಸಲಾಗಿತ್ತು. ಯುದ್ಧ ಬಂದರೆ ಸಾರ್ವತ್ರಿಕ ಮುಷ್ಕರ ಹೂಡುವುದೇ, ಇಲ್ಲವೇ ಎಂಬ ಪ್ರಶ್ನೆಯ ಮೇಲೆ ಫ್ರೆಂಚರಿಗೂ ಜರ್ಮನರಿಗೂ ಒಮ್ಮತವಾಗಿರಲಿಲ್ಲ. ಒಗ್ಗಟ್ಟನ್ನು ಉಳಿಸಿಕೊಳ್ಳಲೆಂದು ಮಾಡಿದ ಈ ಜಾಣತನವೇ ಕೊನೆಗೆ ಒಗ್ಗಟ್ಟಿಗೆ ಮುಳುವಾಯಿತು.

ಕಾದಂಬರಿಯ ನಾಯಕ ಜಾಕ್ ತಿಬೋ ಸಿರಿವಂತರ ಮನೆಯ ಹುಡುಗ. ತಂದೆಯ ಆಸ್ತಿಯನ್ನೂ ಅಂತಸ್ತನ್ನೂ ಒಲ್ಲದೆ ಜಿನೀವದ ಕ್ರಾಂತಿಕಾರರ ಕೂಟವನ್ನು ಸೇರಿದವನು. ಅವನ ಜೊತೆಯಲ್ಲಿ ನಾವೂ ಜಿನೀವ, ಪ್ಯಾರಿಸ್, ಬ್ರಸೆಲ್ಸ್, ಬರ್ಲಿನ್‌ಗಳಲ್ಲಿ ಅಲೆಯುತ್ತೇವೆ. ಜುಲೈ ೨೯ರಂದು ಬ್ರಸೆಲ್ಸಿನ ಸಭೆಯಲ್ಲಿ ಫ್ರೆಂಚ್ ನಾಯಕ ಜೋರೆಸ್ ಮಾತನಾಡುತ್ತಾನೆ. ಸಾವಿರಾರು ಕಂಠಗಳು ಯುದ್ಧಕ್ಕೆ ಧಿಕ್ಕಾರ ಕೂಗುತ್ತವೆ. ಎರಡೇ ದಿನಗಳ ತರುವಾಯ, ಜುಲೈ ೩೧ರ ರಾತ್ರಿ, ಪ್ಯಾರಿಸಿನ ಒಂದು ಕಾಫಿ ಹೋಟೆಲಿನಲ್ಲಿ ಜಾಕ್ ಕುಳಿತಿರುವಂತೆಯೇ ಜೋರೆಸ್ ಗುಂಡಿಗೆ ಬಲಿಯಾಗುತ್ತಾನೆ. ಆಗಸ್ಟ್ ೪ರಂದು ಅವನ ಶವಯಾತ್ರೆಯ ದಿನ ಕಾರ್ಮಿಕ ಸಂಘಗಳ ನಾಯಕ ಜುಓ ದೇಶರಕ್ಷಣೆಯ ಮಾತನ್ನಾಡಿದ. ಅದೇ ದಿನ ಬರ್ಲಿನ್ನಿನಲ್ಲಿ ಜರ್ಮನ್ ಸಮಾಜವಾದಿಗಳು ಯುದ್ಧದ ಸಾಲಕ್ಕೆ ಒಪ್ಪಿಗೆಯಿತ್ತರು. ಆಗಸ್ಟ್ ೯ಕ್ಕೆ ಪ್ಯಾರಿಸಿನಲ್ಲಿ ಸೇರಬೇಕಾಗಿದ್ದ ಅಂತರರಾಷ್ಟ್ರೀಯ ಸಮ್ಮೇಳನ ಸೇರಲೇ ಇಲ್ಲ. ಯುದ್ಧ ಬಂದರೆ ಬಂಧಿಸಬೇಕಾದವರ ಪಟ್ಟಿಯೊಂದು ಫ್ರೆಂಚ್ ಸರಕಾರದ ಕೈಯಲ್ಲಿತ್ತು. ಅದರಲ್ಲಿ ಸುಮಾರು ೨,೫೦೦ ಹೆಸರುಗಳಿದ್ದವು. ಗೃಹಮಂತ್ರಿ ಅದನ್ನು ಬಳಸದೆಯೇ ಬಿಟ್ಟ. ಬಳಸುವ ಅಗತ್ಯವೇ ಬೀಳಲಿಲ್ಲ.

ಇದನ್ನೆಲ್ಲ ದ್ರೋಹದ ಕಥೆಯಾಗಿ ಬರೆಯುವುದು ಸುಲಭವಾಗಿತ್ತು. ಮಾರ್ತ್ಯಾಂ ದ್ಯು ಗಾರ್ ಹಾಗೆ ಬರೆಯಲಿಲ್ಲ; ಅವನ ಹಿರಿಮೆ ಇರುವುದು ಇಲ್ಲಿಯೇ. ಜಾಕ್‌ನ ಅಣ್ಣ ಆಂತ್ವಾನ್ ವೈದ್ಯ. ರಾಜಕೀಯ ಅವನ ಗೋಜಲ್ಲ. ಸೈನ್ಯಕ್ಕೆ ಕರೆ ಬಂದಾಗ ತಮ್ಮ 'ನಾನು ಹೋಗೆ' ಎನ್ನುತ್ತಾನೆ, ಅಣ್ಣ ಹೊರಡುತ್ತಾನೆ. ಒಂದು ದೇಶದಲ್ಲಿ ಹುಟ್ಟಿ, ಅದರ ನೆರಳಿನಲ್ಲಿ ಬೆಳೆದು, ಅದರ ಸೌಕರ್ಯಗಳನ್ನೆಲ್ಲ ಉಂಡವನು ಆಪತ್ಕಾಲದಲ್ಲಿ ಮಾತ್ರ 'ನಾನು ನಿಮ್ಮವನಲ್ಲ' ಎನ್ನಬಹುದೇ ಎಂಬುದು ಅಣ್ಣನ ಪ್ರಶ್ನೆ. ತಮ್ಮನ ಉತ್ತರದಲ್ಲಿ ಕಾವು ಹೆಚ್ಚು. ಅಣ್ಣನ ಪ್ರಶ್ನೆಯಲ್ಲಿ ತೂಕ ಕಡಿಮೆಯೇನಲ್ಲ. ತಾನು ಒಪ್ಪದ ವಾದಕ್ಕೆ ತನ್ನ ಗ್ರಂಥದ ಅತ್ಯಂತ ಗಟ್ಟಿಯಾದ ಪುಟಗಳನ್ನು ಬಿಟ್ಟುಕೊಡಬಲ್ಲ ಲೇಖಕರು ವಿರಳ. ಪ್ರತಿಯೊಬ್ಬ ಕಾರ್ಮಿಕನೂ ಎರಡು ಮನೆಗಳಿಗೆ ಸೇರಿದ್ದ. ಒಂದು ದೇಶ, ಇನ್ನೊಂದು ವರ್ಗ. ಶಾಂತಿಕಾಲದಲ್ಲಿ ಎರಡು ಮನೆಗಳಲ್ಲೂ ಉಣ್ಣಬಹುದಾಗಿತ್ತು. ಯುದ್ಧ ಒಂದು ಬಾಗಿಲನ್ನು ಮುಚ್ಚಿತು.

ಆದುದರಿಂದಲೇ ಒಡಕು ಹಳೆಯ ಗೆರೆಗಳ ಮೇಲೆ ಬೀಳಲಿಲ್ಲ. ಬಂಡವಾಳಶಾಹಿ ಮಂತ್ರಿಮಂಡಲದಲ್ಲಿ ಸಮಾಜವಾದಿ ಕೂರಕೂಡದೆಂದು ವಾದಿಸಿದ್ದ ಕಟ್ಟಾ ಮಾರ್ಕ್ಸ್‌ವಾದಿ ಗೆದ್ ಯುದ್ಧದ ಮಂತ್ರಿಮಂಡಲದಲ್ಲಿ ಮಂತ್ರಿಯಾದ. ಸೈನ್ಯವನ್ನು ಹಳಿಯುವುದನ್ನೇ ಕಸುಬಾಗಿಸಿಕೊಂಡಿದ್ದ ಎರ್ವೆ ಉಗ್ರ ದೇಶಾಭಿಮಾನಿಯಾದ. ರಷ್ಯನ್ ಮಾರ್ಕ್ಸ್‌ವಾದದ ಪಿತಾಮಹನೆನಿಸಿದ ಪ್ಲೆಖಾನೊವ್ ಮಿತ್ರರಾಷ್ಟ್ರಗಳ ಪಕ್ಷ ವಹಿಸಿದ. ಇತ್ತ, ಕ್ರಾಂತಿಯೇ ಬೇಡವೆಂದು ಬಯ್ಗುಳ ತಿಂದಿದ್ದ ಬರ್ನ್‌ಸ್ಟೈನ್, ಮೊದಲು ಸಾಲಕ್ಕೆ ಮತವಿತ್ತವನು, ಆಮೇಲೆ ಯುದ್ಧವಿರೋಧಿಗಳ ಜೊತೆ ಸೇರಿದ. ಸೆರ್ಬಿಯದ ಇಬ್ಬರೇ ಸಮಾಜವಾದಿ ಶಾಸಕರು, ತಮ್ಮ ದೇಶವೇ ಆಕ್ರಮಣಕ್ಕೆ ಗುರಿಯಾಗಿದ್ದರೂ, ಸಾಲಕ್ಕೆ ವಿರೋಧವಾಗಿ ಮತ ಕೊಟ್ಟರು. ಯಾರು ಎತ್ತ ವಾಲುವರೆಂಬುದನ್ನು ಅವರ ಹಿಂದಿನ ಬರಹಗಳಿಂದ ಊಹಿಸಲಾಗುತ್ತಿರಲಿಲ್ಲ.

ಇಷ್ಟು ಮೆಚ್ಚಿದ ಮೇಲೂ ನಮ್ಮ ಮುಖ್ಯ ಆಕ್ಷೇಪಣೆಯನ್ನು ಹೇಳಲೇಬೇಕು. ಕಥೆಯ ಕೊನೆಗೆ ಜಾಕ್ ವಿಮಾನವೇರಿ, ಎರಡು ಸೈನ್ಯಗಳ ನಡುವೆ ಶಾಂತಿಯ ಕರಪತ್ರಗಳನ್ನು ಚೆಲ್ಲಲು ಹೊರಡುತ್ತಾನೆ. ವಿಮಾನ ಉರುಳಿ ಬೀಳುತ್ತದೆ. ಒಂದು ಕರಪತ್ರವೂ ಯಾರ ಕೈಗೂ ಸೇರುವುದಿಲ್ಲ. ಬೆಂದ ಮೈಯ ಜಾಕ್‌ನನ್ನು ಹಿಮ್ಮೆಟ್ಟುತ್ತಿದ್ದ ಸೈನ್ಯದ ಪೊಲೀಸನೊಬ್ಬ ಗುಂಡಿಕ್ಕಿ ಕೊಲ್ಲುತ್ತಾನೆ. ಓದಿದವರ ಎದೆ ಒಡೆಯುವ ಪ್ರಸಂಗವೇನೋ ಹೌದು. ಆದರೆ ಜಾಕ್‌ನ ಹಿಂದೆ ಯಾರಿದ್ದರು? ಅವನ ಮಾತನ್ನು ನಂಬಿ ಕೂತ ಒಂದು ಕಾರ್ಖಾನೆಯಿಲ್ಲ, ಒಂದು ಸಂಘವಿಲ್ಲ. ಅವನು ಸಾಯಬಹುದು, ಏಕೆಂದರೆ ಅವನು ಒಂಟಿ. ಚಳವಳಿಯನ್ನು ಸೀಳಿದ ಗರಗಸ ಹಾದುಹೋದದ್ದು ಲಕ್ಷಾಂತರ ಜನರನ್ನು ಬೆನ್ನಿಗೆ ಕಟ್ಟಿಕೊಂಡವರ ಮೇಲೆ.

ಜರ್ಮನ್ ಪಕ್ಷದ ಅಧ್ಯಕ್ಷರಲ್ಲೊಬ್ಬನಾದ ಹಾಸೆಯನ್ನೇ ನೋಡಿ. ಆಗಸ್ಟ್ ೩ರ ಗುಟ್ಟಿನ ಸಭೆಯಲ್ಲಿ ೭೮ ಮಂದಿ ಸಾಲದ ಪರ, ೧೪ ಮಂದಿ ವಿರೋಧ. ಹಾಸೆ ವಿರೋಧಿಗಳಲ್ಲೊಬ್ಬ. ಮಾರನೆಯ ದಿನ ರೈಖ್‌ಸ್ಟಾಗಿನಲ್ಲಿ ಎದ್ದು ನಿಂತು, ಸಾಲಕ್ಕೆ ಒಪ್ಪಿಗೆಯೆಂಬ ಪಕ್ಷದ ಹೇಳಿಕೆಯನ್ನು ಓದಿದವನೂ ಅವನೇ. ಯುದ್ಧವಿರೋಧದ ವೀರನೆಂದು ನಾವು ಕೊಂಡಾಡುವ ಲೀಬ್‌ಕ್ನೆಖ್ಟ್ ಸಹ ಅಂದು ಪಕ್ಷದ ಶಿಸ್ತಿಗೆ ಮಣಿದು ಪರವಾಗಿಯೇ ಮತವಿತ್ತ; ಒಬ್ಬನೇ ಎದ್ದು 'ಇಲ್ಲ' ಎಂದದ್ದು ಡಿಸೆಂಬರ್ ೨ರಂದು. ನಡುವಿನ ಆ ನಾಲ್ಕು ತಿಂಗಳು ಅವನ ಮನಸ್ಸಿನಲ್ಲಿ ಏನು ನಡೆದಿರಬೇಕು! ಐಕ್ಯವನ್ನು ಉಳಿಸಲು ಆತ್ಮಸಾಕ್ಷಿಯನ್ನು ನುಂಗುವುದೇ, ಆತ್ಮಸಾಕ್ಷಿಗಾಗಿ ಐಕ್ಯವನ್ನು ಮುರಿಯುವುದೇ? ೧೯೧೭ರ ಏಪ್ರಿಲಿನಲ್ಲಿ ಹಾಸೆಯ ಕಡೆಯವರು ಬೇರೆ ಪಕ್ಷವನ್ನೇ ಕಟ್ಟಿದಾಗ ಆ ಪ್ರಶ್ನೆಗೆ ಉತ್ತರ ಸಿಕ್ಕಿತು. ಅದಕ್ಕೆ ತೆತ್ತ ಬೆಲೆಯನ್ನು ಜರ್ಮನಿಯ ಕಾರ್ಮಿಕರು ೧೯೩೩ರವರೆಗೂ ತೀರಿಸುತ್ತಲೇ ಇದ್ದರು. ಮಾರ್ತ್ಯಾಂ ದ್ಯು ಗಾರ್ ಬರೆಯದೆ ಬಿಟ್ಟ ಕಾದಂಬರಿ ಇದು.

ನಮ್ಮ ವಾಚಕರಿಗೆ ಈ ಪ್ರಶ್ನೆ ದೂರದ್ದಲ್ಲ. ೧೯೪೨ರಲ್ಲಿ ಕಾಂಗ್ರೆಸ್ ಸಮಾಜವಾದಿಗಳು 'ಭಾರತ ಬಿಟ್ಟು ತೊಲಗಿ' ಎಂದು ಬೀದಿಗಿಳಿದಾಗ, ಕಮ್ಯೂನಿಸ್ಟರು ಅದೇ ಮಹಾಯುದ್ಧವನ್ನು 'ಜನತಾಯುದ್ಧ' ಎಂದು ಕರೆದು ಬೆಂಬಲಿಸಿದರು. ಆಗ ದಕ್ಷಿಣ ಕನ್ನಡ ಜಿಲ್ಲೆಗೆ ಸೇರಿದ್ದ ಕಯ್ಯೂರಿನ ನಾಲ್ವರು ರೈತ ತರುಣರು ೧೯೪೩ರ ಮಾರ್ಚ್ ೨೯ರಂದು ಗಲ್ಲಿಗೇರಿದಾಗ, ಅವರ ಪಕ್ಷ ಬ್ರಿಟಿಷರ ಯುದ್ಧಪ್ರಯತ್ನದ ಜೊತೆಗೇ ನಿಂತಿತ್ತು. ನಿರಂಜನರ 'ಚಿರಸ್ಮರಣೆ'ಯ ಮೂಲಕ ಕನ್ನಡಿಗರು ಆ ನಾಲ್ವರನ್ನು ಬಲ್ಲರು. ೧೯೬೨ರ ಚೀನಾ ಯುದ್ಧದ ಬಳಿಕ, ೧೯೬೪ರಲ್ಲಿ, ಆ ಪಕ್ಷವೂ ಎರಡಾಯಿತು. ಯುದ್ಧವೊಂದೇ ಕಾರಣವಲ್ಲ, ನಿಜ. ಒಳಗೆ ಮೊದಲೇ ಇದ್ದ ಬಿರುಕನ್ನು ಅದು ಮತ್ತಷ್ಟು ಅಗಲಿಸಿತು.

ಕಥೆಯ ಉಪಸಂಹಾರ ೧೯೪೦ರಲ್ಲಿ ಪ್ರಕಟವಾಯಿತು. ವಿಷವಾಯುವಿನಿಂದ ಶ್ವಾಸಕೋಶ ಹಾಳಾದ ಆಂತ್ವಾನ್, ಕದನವಿರಾಮವಾಗಿ ಒಂದು ವಾರಕ್ಕೆ, ಸಾಯುತ್ತಾನೆ. ಒಲ್ಲೆನೆಂದ ತಮ್ಮನೂ ಉಳಿಯಲಿಲ್ಲ, ಒಪ್ಪಿ ಹೋದ ಅಣ್ಣನೂ ಉಳಿಯಲಿಲ್ಲ. ಯಾರ ವಾದ ಗೆದ್ದಿತೆಂದು ಲೇಖಕ ತೀರ್ಪು ಕೊಡುವುದಿಲ್ಲ. ಠರಾವುಗಳಲ್ಲಿ ತೆರಪನ್ನು ಬಿಟ್ಟು ಒಗ್ಗಟ್ಟನ್ನು ಕಾಯುವ ಎಲ್ಲ ಚಳವಳಿಗಳವರೂ ಈ ಗ್ರಂಥವನ್ನು ಶಾಂತಿಕಾಲದಲ್ಲಿಯೇ ಓದಿಕೊಳ್ಳುವುದು ಲೇಸು. ಆಗಸ್ಟ್ ತಿಂಗಳು ಬಂದ ಮೇಲೆ ಓದಲು ಬಿಡುವಿರುವುದಿಲ್ಲ.