ಬಿಳಿ ಕರಡಿಯ ಪ್ರಶ್ನೆ

ಬಿ.ಎಡ್. ಓದಿದವರಿಗೆ ವೈಗೋಟ್‌ಸ್ಕಿ ಹೆಸರು ಗೊತ್ತಿರುತ್ತದೆ. ಮಗು ಒಂಟಿಯಾಗಿ ಮಾಡಲಾಗದ್ದನ್ನು ಬಲ್ಲವರ ನೆರವಿನಿಂದ ಮಾಡಬಲ್ಲದು, ಕಲಿಕೆ ನಡೆಯುವುದು ಆ ಅಂತರದಲ್ಲೇ ಎಂದವರು ಅವರು. ಪರೀಕ್ಷೆಗೆ ಅಷ್ಟು ಸಾಕು. ಆದರೆ 1934ರಲ್ಲಿ, 37ನೇ ವಯಸ್ಸಿನಲ್ಲಿ ಕ್ಷಯದಿಂದ ತೀರಿಕೊಂಡ ಅವರ ಮುಖ್ಯ ಪುಸ್ತಕ ಅದೇ ವರ್ಷ ಅಚ್ಚಾಗಿ, ರಷ್ಯದಲ್ಲಿ ಮತ್ತೆ ಬೆಳಕು ಕಂಡದ್ದು 1956ರಲ್ಲಿ. 1936ರಲ್ಲಿ ಪಕ್ಷ ಮಕ್ಕಳ ಮಾನಸಿಕ ಪರೀಕ್ಷೆಗಳನ್ನೂ ಅವುಗಳ ಶಾಸ್ತ್ರವನ್ನೂ ನಿಷೇಧಿಸಿತು. ಆ ನೆರಳು ಇವರ ಮೇಲೂ ಬಿತ್ತು. ಅತ್ತ 1962ರ ಅಮೆರಿಕನ್ ಅನುವಾದ ಅದೇ ಪುಸ್ತಕವನ್ನು ಮೊಟಕುಗೊಳಿಸಿ, ಮಾರ್ಕ್ಸ್‌ವಾದಿ ಚರ್ಚೆಯ ಬಹುಭಾಗವನ್ನು ಕೈಬಿಟ್ಟಿತು. ಕತ್ತರಿ ಒಂದೇ ಕಡೆ ಇರಲಿಲ್ಲ.

ಸೋವಿಯತ್ ಮನಶ್ಶಾಸ್ತ್ರದ ಬಗ್ಗೆ ನಾವು ಕೇಳುವುದು ಎರಡೇ ಕಥೆ. ಸರ್ವಾಧಿಕಾರ ವಿಜ್ಞಾನವನ್ನು ಕೊಂದಿತು ಎಂಬುದು ಒಂದು. ಕ್ರಾಂತಿ ಹೊಸ ವಿಜ್ಞಾನವನ್ನು ಹುಟ್ಟಿಸಿತು ಎಂಬುದು ಇನ್ನೊಂದು. ವೈಗೋಟ್‌ಸ್ಕಿಯವರ ಸಂಗಾತಿ ಅಲೆಕ್ಸಾಂಡರ್ ಲೂರಿಯಾ ಉಜ್ಬೆಕಿಸ್ತಾನದ ಬಗ್ಗೆ ಬರೆದ ಪುಸ್ತಕ ಈ ಎರಡರಲ್ಲಿ ಯಾವುದಕ್ಕೂ ಒಗ್ಗುವುದಿಲ್ಲ. ಅದನ್ನು ಓದಬೇಕಾದದ್ದು ಅದಕ್ಕಾಗಿಯೇ.

1931 ಮತ್ತು 1932ರಲ್ಲಿ ಲೂರಿಯಾ ಅಲ್ಲಿನ ಹಳ್ಳಿಗಳಿಗೆ ಹೋದರು. ಸಾಮೂಹಿಕ ಬೇಸಾಯ ಜಾರಿಯಾಗುತ್ತಿದ್ದ ಕಾಲ. ಬದುಕಿನ ರೀತಿ ಬದಲಾದರೆ ಯೋಚಿಸುವ ರೀತಿಯೂ ಬದಲಾಗುತ್ತದೆಯೇ ಎಂಬುದು ಅವರ ಪ್ರಶ್ನೆ. ಚಹಾದಂಗಡಿಯ ಹರಟೆಯ ನಡುವೆ ಒಗಟಿನಂತೆ ಕೇಳುತ್ತಿದ್ದರು: ಹಿಮವಿರುವ ದೂರದ ಉತ್ತರದಲ್ಲಿ ಕರಡಿಗಳೆಲ್ಲ ಬಿಳಿ, ನೊವಾಯಾ ಜೆಮ್ಲ್ಯಾ ಇರುವುದು ಅಲ್ಲಿ, ಅಲ್ಲಿನ ಕರಡಿಯ ಬಣ್ಣ ಯಾವುದು? ಶಾಲೆ ಕಾಣದ ರೈತರಲ್ಲಿ ಹಲವರು ತಾವು ಆ ಕಡೆ ಹೋಗಿಲ್ಲ, ನೋಡದ್ದನ್ನು ಹೇಳಲಾಗದು ಎಂದರು. ಸ್ವಲ್ಪ ಕಾಲ ಓದು ಕಲಿತವರು ಬಿಳಿ ಎಂದುಬಿಟ್ಟರು.

ಇದು ಕ್ರಾಂತಿಯ ಗೆಲುವೆಂದೇ ಲೂರಿಯಾ ಬಗೆದರು. ಅಧಿಕಾರಸ್ಥರಿಗೆ ಮಾತ್ರ ಅದರಲ್ಲಿ ಉಜ್ಬೆಕ್ ಜನರ ಅವಮಾನ ಕಂಡಿತು. ಪುಸ್ತಕ ಹೊರಬಂದದ್ದು 1974ರಲ್ಲಿ, ಸುಮಾರು ನಾಲ್ಕು ದಶಕಗಳ ನಂತರ. ಪ್ರಶ್ನೆಯನ್ನು ಸಾಧ್ಯವಾಗಿಸಿದ ವ್ಯವಸ್ಥೆಯೇ ಉತ್ತರವನ್ನು ಬಚ್ಚಿಟ್ಟಿತು.

ನನ್ನ ತಕರಾರು ಇರುವುದು ಪುಸ್ತಕದೊಳಗಿನ ಮೌನದ ಬಗ್ಗೆ. ಹೊಲ, ದನ ಸರ್ಕಾರದ ಪಾಲಾಗುತ್ತಿದ್ದ ದಿನಗಳಲ್ಲಿ ಮಾಸ್ಕೋದಿಂದ ಬಂದ ಅಪರಿಚಿತ ಪ್ರಶ್ನೆ ಕೇಳಿದಾಗ ಕಾಣದ್ದನ್ನು ಹೇಳೆನು ಎನ್ನುವುದು ತರ್ಕದ ಕೊರತೆಯೇ, ಜಾಣತನವೇ? ಲೂರಿಯಾ ಆ ಭಯವನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಪ್ರಾಮಾಣಿಕವಾಗಿ ದಾಖಲಿಸಿದ ಉತ್ತರಗಳು ಅವರ ತೀರ್ಮಾನಕ್ಕಿಂತ ದೊಡ್ಡವು. ಮುಂದೆ ಸಿಲ್ವಿಯಾ ಸ್ಕ್ರಿಬ್ನರ್ ಮತ್ತು ಮೈಕೆಲ್ ಕೋಲ್ ಲೈಬೀರಿಯಾದ ವಾಯ್ ಜನರ ನಡುವೆ ಕೆಲಸ ಮಾಡಿ, 1981ರಲ್ಲಿ ಬೇರೆಯದೇ ಚಿತ್ರ ಕೊಟ್ಟರು. ಶಾಲೆಗೆ ಹೋಗದೆಯೂ ತಮ್ಮದೇ ಲಿಪಿ ಬಲ್ಲವರು ಅಲ್ಲಿದ್ದರು. ಇಂಥ ತರ್ಕದ ಪ್ರಶ್ನೆಗಳಲ್ಲಿ ವ್ಯತ್ಯಾಸ ತಂದದ್ದು ಅಕ್ಷರವಲ್ಲ, ಶಾಲೆಯ ರೂಢಿ. ಅಂದರೆ ಕರಡಿ ಬಿಳಿ ಎನ್ನುವುದು, ಪ್ರಶ್ನೆ ಕೇಳಿದವರ ಷರತ್ತುಗಳನ್ನು ಒಪ್ಪಿ ಆಡುವ ಒಂದು ಆಟ.

ಲೂರಿಯಾಗೂ ಅಂಥ ಆಟ ಆಡಬೇಕಾಯಿತು. ಅವರು ವೈದ್ಯಕೀಯ ಓದಿ 1937ರಲ್ಲಿ ಪದವಿ ಪಡೆದರು. ಯುದ್ಧದಲ್ಲಿ ತಲೆಗೆ ಗಾಯಗೊಂಡ ಸೈನಿಕರ ನಡುವೆ ಕೆಲಸ ಮಾಡಿ ನರಮನಶ್ಶಾಸ್ತ್ರಕ್ಕೆ ಬುನಾದಿ ಹಾಕಿದರು. 1950ರಲ್ಲಿ, ಪಾವ್ಲೋವ್ ಸತ್ತು 14 ವರ್ಷಗಳಾದ ಮೇಲೆ, ಅವರ ಹೆಸರಿನಲ್ಲೇ ಅಧಿವೇಶನ ನಡೆಸಿ ಎಲ್ಲರೂ ಒಂದೇ ದಾರಿ ಹಿಡಿಯಬೇಕೆಂದಾಗ ಲೂರಿಯಾ ಪ್ರಯೋಗಾಲಯವನ್ನೂ ಕಳೆದುಕೊಂಡರು.

ಹಾಗಾಗಿ ಈ ಪರಂಪರೆಯನ್ನು ಹುತಾತ್ಮರ ಕಥೆಯಾಗಿ ಓದಿದರೆ ಸಾಲದು. ಮನಸ್ಸು ಸಮಾಜದೊಳಗೆ ರೂಪುಗೊಳ್ಳುತ್ತದೆ ಎಂಬ ಅವರ ಮಾತು ಇಂದಿಗೂ ಗಟ್ಟಿಯಾಗಿದೆ. ಪ್ರಶ್ನೆ ಕೇಳುವವನ ಮನಸ್ಸಿಗೂ ಅದು ಅನ್ವಯಿಸುತ್ತದೆ ಎಂಬುದನ್ನು ಮಾತ್ರ ಪುಸ್ತಕ ಹೇಳುವುದಿಲ್ಲ. ಅಷ್ಟನ್ನು ಓದುವವರೇ ಸೇರಿಸಿಕೊಳ್ಳಬೇಕು.