ಮಗ್ಗದ ಮನೆಗೆ ಯಾವ ವಾಲ್ವ್ ಆಂಪ್ಲಿಫೈಯರ್?

ಚಳ್ಳಕೆರೆಯ ಮಾಳಿಗೆ ಮನೆಗೋ ಮೊಳಕಾಲ್ಮೂರಿನ ಮಗ್ಗದ ಮನೆಗೋ ವಾಲ್ವ್ ಆಂಪ್ಲಿಫೈಯರ್ ತರಬೇಕೆನ್ನುವವರು ಅಂಗಡಿಗೆ ಹೋಗುವ ಮೊದಲು ತಮ್ಮ ಸ್ಪೀಕರಿನ ವಿವರಪಟ್ಟಿ ಓದಬೇಕು. ಒಂದು ವಾಟ್ ಕೊಟ್ಟರೆ ಒಂದು ಮೀಟರ್ ದೂರದಲ್ಲಿ ಎಷ್ಟು ಡೆಸಿಬೆಲ್ ಸದ್ದು ಬರುತ್ತದೆ ಎಂಬ ಅಂಕಿ ಅದರಲ್ಲಿರುತ್ತದೆ. ಸದ್ದು 3 ಡೆಸಿಬೆಲ್ ಏರಬೇಕಾದರೆ ವಾಟ್ ಇಮ್ಮಡಿಯಾಗಬೇಕು. 87 ಡೆಸಿಬೆಲ್‌ನ ಸಾಮಾನ್ಯ ಸ್ಪೀಕರಿಗೆ 8 ವಾಟ್ ಸುರಿದರೂ 96ಕ್ಕೇ ನಿಲ್ಲುತ್ತದೆ.

ರಸಿಕರು ತುಂಬ ಹೊಗಳುವ 300ಬಿ ವಾಲ್ವಿನ ಸಿಂಗಲ್ ಎಂಡೆಡ್ (ಒಂದು ಚಾನೆಲ್ಲಿಗೆ ಒಂದೇ ಪವರ್ ವಾಲ್ವ್ ದುಡಿಯುವ) ಆಂಪ್ಲಿಫೈಯರ್ ಕೊಡುವುದು ಸುಮಾರು ಆ 8 ವಾಟ್ ಮಾತ್ರ. ಅದರಲ್ಲಿ ತಂಬೂರಿ ಕೇಳಬೇಕು: ಪ್ರತಿ ಸ್ವರಕ್ಕೂ ಎರಡನೆಯ ಹಾರ್ಮೋನಿಕ್ ತುಸು ಸೇರಿ ನಾದ ತುಂಬಿಕೊಳ್ಳುತ್ತದೆ, ಒಂಟಿ ಕಂಠ ಎದುರಿಗೇ ಕೂತಂತಾಗುತ್ತದೆ. ಆ ಸೊಗಸನ್ನು ನಾನು ಮನಸಾರೆ ಮೆಚ್ಚುತ್ತೇನೆ. ಆದರೆ ತಬಲಾದ ಡಗ್ಗಾ ಬಂದಾಗ ಬಿಗಿ ಸಡಿಲುತ್ತದೆ. ಹಳೆಯ ಸಿನಿಮಾ ಹಾಡಿನಲ್ಲಿ ಪಿಟೀಲುಗಳೆಲ್ಲ ಒಟ್ಟಿಗೆ ಎದ್ದರೆ ಒಂದಕ್ಕೊಂದು ಕಲಸಿಹೋಗುತ್ತವೆ. ಎಲ್ಲ ಬಗೆಯ ಸಂಗೀತ ಕೇಳುವ ಮನೆಗೆ ಇದು ಸಾಲದು.

ಹಳೆಯ ಮೈಕ್‌ಸೆಟ್ಟಿನ ವಾಲ್ವ್ ಆಂಪ್ಲಿಫೈಯರನ್ನು ಗುಜರಿಯಿಂದ ತಂದು ಮನೆಯಲ್ಲಿ ಹೂಡುವವರೂ ಇದ್ದಾರೆ. ಜಾತ್ರೆಯಲ್ಲಿ, ಬಯಲಾಟದಲ್ಲಿ ಅದು ಊರಿಗೆಲ್ಲ ಕೇಳಿಸಿದ್ದು ಹಾರ್ನ್ ಸ್ಪೀಕರಿನ ಬಲದಿಂದ. ಅದರ ಔಟ್‌ಪುಟ್ ಟ್ರಾನ್ಸ್‌ಫಾರ್ಮರ್ ಮಾತಿಗೆಂದು ಸುತ್ತಿದ್ದು. ತೀರ ಕೆಳಗಿನ, ತೀರ ಮೇಲಿನ ಸ್ವರಗಳು ಅದರಲ್ಲಿ ಸೊರಗುತ್ತವೆ. ವಾಲ್ವ್ ಆಂಪ್ಲಿಫೈಯರಿನ ಬೆಲೆ ನಿಜವಾಗಿ ಇರುವುದು ಈ ಟ್ರಾನ್ಸ್‌ಫಾರ್ಮರಿನಲ್ಲೇ. ವಾಲ್ವನ್ನು ಯಾವಾಗ ಬೇಕಾದರೂ ಬದಲಿಸಬಹುದು, ಇದನ್ನು ಬದಲಿಸಲು ಹೊರಟರೆ ಆಂಪ್ಲಿಫೈಯರನ್ನೇ ಹೊಸದಾಗಿ ಕಟ್ಟಿದಷ್ಟು ಖರ್ಚು.

ಇನ್ನು ನಮ್ಮ ಬಿಸಿಲು. ದೊಡ್ಡ ಆಂಪ್ಲಿಫೈಯರಿನಲ್ಲಿ ನಾಲ್ಕು ಇಎಲ್ 34 ವಾಲ್ವ್‌ಗಳಿದ್ದರೆ ಅವುಗಳ ಹೀಟರ್‌ಗಳೇ ಸುಮಾರು 38 ವಾಟ್ ತಿನ್ನುತ್ತವೆ. ಹಾಡು ಹಾಕದೆ ಸುಮ್ಮನಿಟ್ಟರೂ ಒಟ್ಟು ನೂರು ವಾಟ್ ಮೀರಿದ ಶಾಖ ಕೋಣೆಗೆ ಇಳಿಯುತ್ತದೆ. ಏಪ್ರಿಲ್ ತಿಂಗಳಲ್ಲಿ ಆರ್‌ಸಿಸಿ ಮನೆಯೊಳಗೆ ಇದನ್ನು ಹಚ್ಚಿ ಕೂರುವುದು ಕಷ್ಟ. ವೋಲ್ಟೇಜಿನ ಏರಿಳಿತವೂ ಇದೆ. ಪಂಪ್‌ಸೆಟ್‌ಗಳು ಓಡುವಾಗ ಕುಸಿದ ವೋಲ್ಟೇಜ್ ಅವು ನಿಂತಾಗ ಏರುತ್ತದೆ. 230 ಇರಬೇಕಾದದ್ದು 260 ಆದರೆ 6.3 ವೋಲ್ಟಿನ ಹೀಟರಿಗೆ 7.1 ವೋಲ್ಟ್ ಹರಿದು ವಾಲ್ವಿನ ಆಯುಷ್ಯ ಕುಗ್ಗುತ್ತದೆ. ಹಾಗಾಗಿ ಪವರ್ ಟ್ರಾನ್ಸ್‌ಫಾರ್ಮರಿನಲ್ಲಿ 240 ವೋಲ್ಟಿನ ಟ್ಯಾಪಿಂಗ್ ಇದೆಯೇ ಎಂದು ಕೇಳಿ, ಸ್ಟೆಬಿಲೈಸರ್ ತಪ್ಪದೆ ಹಾಕಿಸಿ.

ಮೊಳಕಾಲ್ಮೂರಿನಲ್ಲಿ ಹಗಲು ರೇಷ್ಮೆ ಮಗ್ಗ ಆಡುತ್ತಿರುವಾಗ ಆಂಪ್ಲಿಫೈಯರ್ ಪರೀಕ್ಷಿಸಬೇಡಿ. ರಾತ್ರಿ ಮಗ್ಗ ನಿಂತ ಮೇಲೆ, ಹಾಡಿಲ್ಲದೆ, ನೀವು ಕೂರುವ ಜಾಗದಲ್ಲಿ ಗುಂಯ್ ಎನ್ನುವ ಸದ್ದು ಕೇಳಿಸಿದರೆ ಅದನ್ನು ವಾಪಸ್ ಕೊಡಿ.

ನನ್ನ ಆಯ್ಕೆ ಇಎಲ್ 84 ಜೋಡಿಯ ಪುಶ್‌ಪುಲ್: ಒಂದೊಂದು ಚಾನೆಲ್‌ಗೆ 10ರಿಂದ 15 ವಾಟ್, ಕಡಿಮೆ ಶಾಖ, ಬಿಗಿಯಾದ ಡಗ್ಗಾ. 1961ರಲ್ಲಿ ರೇಡಿಯೊ ವಾಲ್ವ್‌ಗಳ ತಯಾರಿಕೆಗೆ ಇಳಿದ ಬೆಂಗಳೂರು ಜಾಲಹಳ್ಳಿಯ ಬಿಇಎಲ್ ಈ ಇಎಲ್ 84 ಅನ್ನೂ ಮಾಡುತ್ತಿತ್ತು. ಹಳೆಯ ದಾಸ್ತಾನಿನಲ್ಲಿ ಸಿಕ್ಕರೆ ಬಿಡಬೇಡಿ. ಸಿಗದಿದ್ದರೆ ರಷ್ಯಾ, ಸ್ಲೊವಾಕಿಯಾಗಳ ಹೊಸ ವಾಲ್ವ್‌ಗಳಿವೆ. ಒಳಗೆ 300 ವೋಲ್ಟ್ ಮೀರಿದ ವಿದ್ಯುತ್ತು ಸ್ವಿಚ್ ಆರಿಸಿದ ಮೇಲೂ ಕೆಪಾಸಿಟರ್‌ಗಳಲ್ಲಿ ಉಳಿದಿರಬಹುದು. ಮುಚ್ಚಳವನ್ನು ನೀವಾಗಿ ತೆಗೆಯಬೇಡಿ, ಬಲ್ಲ ರೇಡಿಯೊ ಮೆಕ್ಯಾನಿಕ್ ಕೈಗೆ ಕೊಡಿ. ದೊಡ್ಡ ಆಂಪ್ಲಿಫೈಯರ್ ಬಿಟ್ಟು ಉಳಿದ ಹಣವನ್ನು 90 ಡೆಸಿಬೆಲ್ ಮೀರಿದ ಸ್ಪೀಕರಿಗೆ ಹಾಕಿ.