ಬಾಯಿಪಾಠವೂ ಮುಖೋದ್ಗತವೂ

ಪುಸ್ತಕವನ್ನು ನೋಡದೆ ಮಗ್ಗಿಯನ್ನೊಪ್ಪಿಸುವ ಹುಡುಗನಿಗೆ ಅದು ಬಾಯಿಪಾಠವಾಗಿದೆಯೆಂದು ಹೇಳುವುದು ರೂಢಿ. ಪುಸ್ತಕವನ್ನು ನೋಡದೆ ವೇದಭಾಗವನ್ನೋ ಅಮರಕೋಶವನ್ನೋ ಹೇಳಬಲ್ಲ ಪಂಡಿತನಿಗೆ ಅದು ಮುಖೋದ್ಗತವಾಗಿದೆಯೆಂದು ಹೇಳುವುದು ರೂಢಿ. ಇಬ್ಬರೂ ಮಾಡುವ ಕೆಲಸ ಒಂದೇ. ಕೆಲಸಮಾಡುವ ಅವಯವವೂ ಒಂದೇ. ಮುಖೋದ್ಗತವೆಂಬುದಕ್ಕೆ ಬಾಯಿಂದ ಹೊರಟುದು ಎಂಬುದಕ್ಕಿಂತ ಬೇರೆ ಅರ್ಥವಿಲ್ಲ. ಆದರೂ ಮೊದಲನೆಯ ಮಾತನ್ನು ಕೇಳಿದೊಡನೆ ಅರ್ಥವರಿಯದ ಗಿಳಿಪಾಠವು ನೆನಪಿಗೆ ಬರುವುದು. ಎರಡನೆಯದನ್ನು ಕೇಳಿದೊಡನೆ ಪಾಂಡಿತ್ಯವು ನೆನಪಿಗೆ ಬರುವುದು. ಈ ತಾರತಮ್ಯವು ಶಬ್ದಗಳಲ್ಲಿಯೇ ನಿಂತಿದ್ದರೆ ಅದನ್ನು ವಿಚಾರಿಸುವ ಅಗತ್ಯವಿರುತ್ತಿರಲಿಲ್ಲ. ಕನ್ನಡಸಾಹಿತ್ಯವನ್ನು ತೂಗುವ ತಕ್ಕಡಿಯಲ್ಲಿಯೂ ಇದು ಸೇರಿಕೊಂಡಿರುವುದರಿಂದ, ಇದರ ಮೂಲವೇನು, ಇದು ಎಷ್ಟರಮಟ್ಟಿಗೆ ನ್ಯಾಯವಾದುದು ಎಂಬುದನ್ನು ಪರಿಶೀಲಿಸುವುದು ಅವಶ್ಯಕ.

ಸಂಸ್ಕೃತದಲ್ಲಿ ಈ ಅವಯವಕ್ಕೆ ಹಲವು ಹೆಸರುಗಳುಂಟು. ಅಮರಸಿಂಹನು ಏಳನ್ನು ಹೇಳಿರುವನು. ಅವುಗಳಲ್ಲಿ ವದನ, ವಕ್ತ್ರ, ಲಪನ ಎಂಬ ಮೂರು, ನುಡಿಯುವುದೆಂಬರ್ಥದ ವದ್, ವಚ್, ಲಪ್ ಧಾತುಗಳಿಂದ ಹುಟ್ಟಿದವು. ಆಸ್ಯಶಬ್ದಕ್ಕೆ ಪತಂಜಲಿಯು ಮಹಾಭಾಷ್ಯದಲ್ಲಿ ಎರಡು ವ್ಯುತ್ಪತ್ತಿಗಳನ್ನು ಕೊಟ್ಟಿರುವನು. ವರ್ಣಗಳನ್ನು ಹೊರಕ್ಕೆಸೆಯುವ ಸಾಧನವೆಂಬುದು ಒಂದು. ಅನ್ನದ ಸಂಬಂಧದಿಂದ ಒಸರುವುದೆಂಬುದು ಇನ್ನೊಂದು. ನುಡಿಯು ಹೊರಡುವ ದಾರಿಯೂ ಅನ್ನವು ಒಳಹೋಗುವ ದಾರಿಯೂ ಒಂದೇ ಎಂಬುದನ್ನು ಆ ವೈಯಾಕರಣನು ಒಂದು ಪದದಲ್ಲಿಯೇ ಕಂಡನು. ಬಾಯಲ್ಲಿ ನೀರೂರುವುದೆಂಬ ಕನ್ನಡದ ಮಾತಿಗೂ ಅವನ ಎರಡನೆಯ ವ್ಯುತ್ಪತ್ತಿಗೂ ಬಹಳ ದೂರವಿಲ್ಲ. ಈ ಸಂಸ್ಕೃತಪದಗಳಿಗೆ ಸಾಧಾರಣವಾದ ಇನ್ನೊಂದು ಲಕ್ಷಣವುಂಟು. ಇವು ಬಾಯಿಯನ್ನು ಹೇಳುವಂತೆಯೇ ಬಹುಮಟ್ಟಿಗೆ ಇಡಿಯ ಮೊಗವನ್ನೂ ಹೇಳುವುವು. ಎಲ್ಲಿ ಯಾವ ಅರ್ಥವೆಂಬುದನ್ನು ಪ್ರಕರಣದಿಂದಲೇ ತಿಳಿಯಬೇಕು.

ಕನ್ನಡದಲ್ಲಿ ಈ ಸಂದಿಗ್ಧತೆಯಿಲ್ಲ. ಮೊಗವು ಮೊಗವೇ, ಬಾಯಿ ಬಾಯಿಯೇ. ಮುಖ ತೊಳೆಯುವುದು ಬೇರೆ, ಬಾಯಿ ತೊಳೆಯುವುದು ಬೇರೆ. ಮೊಗವೆಂಬುದು ಸಂಸ್ಕೃತದ ಮುಖಶಬ್ದದ ತದ್ಭವವೆಂಬುದು ಪ್ರಸಿದ್ಧವಾದ ಮತ. ಸಂಸ್ಕೃತದ ಮುಖವೇ ದ್ರಾವಿಡಮೂಲದ್ದೆಂದು ಬರೋ ಮೊದಲಾದ ಭಾಷಾಶಾಸ್ತ್ರಜ್ಞರು ವಾದಿಸಿರುವುದೂ ಉಂಟು. ಈ ವಿವಾದವು ಹೇಗೆಯೇ ಮುಗಿಯಲಿ, ಬಾಯ್ ಎಂಬುದು ಅಚ್ಚಕನ್ನಡವೆಂಬುದರಲ್ಲಿ ವಿವಾದವಿಲ್ಲ. ತಮಿಳು ಮಲೆಯಾಳಗಳ ವಾಯ್, ತೆಲುಗಿನ ವಾಯಿ, ತುಳುವಿನ ಬಾಯಿ ಇದರ ಒಡಹುಟ್ಟುಗಳು. ವೇರ್ ಎಂಬುದು ಬೇರ್ ಆದಂತೆ, ವಿರಲ್ ಎಂಬುದು ಬೆರಲ್ ಆದಂತೆ, ಮೊದಲ ವಕಾರವು ಕನ್ನಡದಲ್ಲಿ ಬಕಾರವಾಗಿದೆ. ಮನೆಯ ಬಾಗಿಲೂ ಇದೇ ಕುಲಕ್ಕೆ ಸೇರಿದುದೆಂದು ತೋರುವುದು. ತಮಿಳಿನ ವಾಯಿಲ್ ಎಂಬುದನ್ನು ವಾಯ್ ಎಂದೂ ಮನೆಯೆಂಬರ್ಥದ ಇಲ್ ಎಂದೂ ಬಿಡಿಸುವ ಸಂಪ್ರದಾಯವಿದೆ. ಕನ್ನಡದ ಬಾಗಿಲ್, ತೆಲುಗಿನ ವಾಕಿಲಿ ಅದರ ನಂಟರು. ಆದರೆ ರೂಪಸಾಮ್ಯವೊಂದನ್ನೇ ನಂಬಿ ಮುಂದುವರಿಯಲಾಗದು. ಬಾವಿಗೆ ಬಾಯಿದ್ದರೂ ಬಾವಿಯೆಂಬ ಪದವು ಬಾಯಿಂದ ಬಂದುದಲ್ಲ. ಅದು ಸಂಸ್ಕೃತದ ವಾಪಿಯ ತದ್ಭವ. ಬಯ್ಯುವ ಕೆಲಸ ಬಾಯಿಯದೇ ಆದರೂ, ಬಯ್ ಎಂಬ ಹ್ರಸ್ವಸ್ವರದ ಧಾತುವು ಬೇರೆ.

ಕನ್ನಡದ ಬಾಯಿಯ ಮುಖ್ಯಾರ್ಥವು ತೆರವು, ಅಂಚು, ಹೊಸ್ತಿಲು ಎಂಬುದೆಂದು ಬಳಕೆಯಿಂದ ತಿಳಿಯುವುದು. ಚೀಲಕ್ಕೆ, ಗಡಿಗೆಗೆ, ಹುಣ್ಣಿಗೆ ಬಾಯಿಯುಂಟು, ಕತ್ತಿಗೆ ಬಾಯಿಧಾರೆಯುಂಟು. ಮನುಷ್ಯನ ಬಾಯಿಯೂ ಇಂತಹುದೊಂದು ಹೊಸ್ತಿಲು. ಅದನ್ನು ದಾಟಿ ಅನ್ನವು ಒಳಗೆ ಹೋಗುವುದು, ನುಡಿಯು ಹೊರಗೆ ಬರುವುದು. ಕನ್ನಡದ ನುಡಿಗಟ್ಟುಗಳು ಈ ಎರಡನ್ನೂ ಒಂದೇ ಹಿಡಿತದಲ್ಲಿ ಹಿಡಿದಿರುವುವು. ಬಾಯಿಚಪಲವೆಂದರೆ ತಿನ್ನುವ ಚಪಲವೂ ಅಹುದು, ಆಡುವ ಚಪಲವೂ ಅಹುದು. ದನವು ಮೇವಿಗೆ ಬಾಯಿ ಹಾಕುವುದು. ಕರೆಯದವನು ಮಾತಿಗೆ ಬಾಯಿ ಹಾಕುವನು. ರೋಗಿಯು ಪಥ್ಯಕ್ಕಾಗಿ ಬಾಯಿ ಕಟ್ಟುವನು. ಸಾಕ್ಷಿ ಹೇಳಬೇಕಾದವನ ಬಾಯನ್ನು ಧನಿಕನು ಹಣದಿಂದ ಕಟ್ಟುವನು. ಒಳ್ಳೆಯ ಸುದ್ದಿಯನ್ನು ತಂದವನ ಬಾಯಿಗೆ ಸಕ್ಕರೆ ಹಾಕಬೇಕೆಂಬ ಮಾತಿನಲ್ಲಿ ಹೊರಬಂದ ನುಡಿಗೆ ಒಳಹೋಗುವ ಸಿಹಿಯೇ ಬಹುಮಾನ. ಗಡಿಗೆಯ ಬಾಯನ್ನು ಮುಚ್ಚಬಹುದು, ಊರ ಬಾಯನ್ನು ಮುಚ್ಚಲಾಗದು ಎಂಬ ಗಾದೆಯಲ್ಲಿ ಪಾತ್ರೆಯ ತೆರವೂ ಮನುಷ್ಯರ ಮಾತೂ ಒಂದೇ ಪದದ ಬಲದಿಂದ ಎದುರುಬದುರಾಗಿ ನಿಂತಿವೆ. ಹಳೆಯ ಮೈಸೂರಿನ ಸೀಮೆಯಲ್ಲಿ ಮಾರಮ್ಮನಿಗೆ ಹರಕೆ ಹೊತ್ತವರು ಲೋಹದ ಸಲಾಕಿಯನ್ನು ಚುಚ್ಚಿಸಿಕೊಂಡು ನಡೆಸುವ ಸೇವೆಗೆ ಬಾಯಿಬೀಗವೆಂದು ಹೆಸರು. ಬೀಗವಿರುವಷ್ಟು ಹೊತ್ತು ಉಣಿಸೂ ಇಲ್ಲ, ನುಡಿಯೂ ಇಲ್ಲ. ಒಂದು ಹೊಸ್ತಿಲಿಗೆ ಒಂದೇ ಬೀಗ ಸಾಕು.

ಈ ಪ್ರಯೋಗಗಳಲ್ಲಿ ನಿಂದೆಯೂ ಉಂಟು, ಮನ್ನಣೆಯೂ ಉಂಟು. ಬಾಯಿಬಡಕ, ಬಾಯಾಳಿ, ಬಾಯಿಗೆ ಬಂದಂತೆ ಎಂಬುವು ನಿಂದೆ. ಬಾಯ್ತುಂಬ ಹರಸುವುದು, ಬಾಯಾರೆ ಹೊಗಳುವುದು, ಹಿರಿಯರ ಬಾಯಿಹರಕೆ ಎಂಬುವು ಮನ್ನಣೆ. ಆದುದರಿಂದ ಬಾಯ್ ಎಂಬ ಶಬ್ದವು ಸ್ವಭಾವದಿಂದಲೇ ಕೀಳೆನ್ನಲು ಆಧಾರವಿಲ್ಲ. ನೆರೆಯ ತಮಿಳಿನ ಸಾಕ್ಷ್ಯವು ಈ ವಿಷಯದಲ್ಲಿ ಇನ್ನೂ ಸ್ಪಷ್ಟವಾದುದು. ಅಲ್ಲಿ ವಾಯ್ ಎಂಬುದರಿಂದಾದ ವಾಯ್ಮೈ ಎಂಬ ಪದಕ್ಕೆ ಸತ್ಯವೆಂದರ್ಥ. ತಿರುಕ್ಕುರಳಿನ ಒಂದು ಅಧಿಕಾರಕ್ಕೆ ಅದೇ ಹೆಸರು. ನಮ್ಮಾಳ್ವಾರರ ಮಹಾಕೃತಿಗೆ ತಿರುವಾಯ್‌ಮೊಳಿಯೆಂದು ಹೆಸರು. ಶ್ರೀವೈಷ್ಣವರು ಅದನ್ನು ವೇದಕ್ಕೆ ಸಮಾನವೆಂದು ಭಾವಿಸುವರು. ಹೀಗೆ ಒಂದು ಮನೆಯಲ್ಲಿ ಬಾಯಿಯ ನುಡಿಯು ಸತ್ಯವಾಯಿತು. ಇನ್ನೊಂದು ಮನೆಯಲ್ಲಿ ಬರಿಯ ಬಾಯಿಮಾತಾಯಿತು. ಈ ಭೇದವು ಮೂಲಶಬ್ದದಲ್ಲಿ ಇದ್ದುದಲ್ಲ, ಬಳಸಿದವರಿಂದ ಬಂದುದು.

ಕನ್ನಡದಲ್ಲಿ ಇದು ಬಂದ ಬಗೆಯನ್ನು ಹೀಗೆ ಊಹಿಸಬಹುದು. ಸಂಸ್ಕೃತದ ಮುಖಶಬ್ದವು ಬಾಯಿ, ಮೊಗ ಎಂಬುವಲ್ಲದೆ ಮುಂಭಾಗ, ಮೊದಲು, ಶ್ರೇಷ್ಠ ಎಂಬ ಅರ್ಥಗಳಿಗೂ ಹಬ್ಬಿತು. ಮುಖ್ಯ, ಪ್ರಮುಖ ಎಂಬ ಪದಗಳು ಈ ಹಬ್ಬುಗೆಯ ಫಲ. ಆಡುಗನ್ನಡಕ್ಕೆ ಬಂದಾಗ ಆ ಶಬ್ದವು ಬಾಯಿ ಎಂಬರ್ಥವನ್ನು ಬಹುಮಟ್ಟಿಗೆ ಬಿಟ್ಟು ಮೊಗದ ಅರ್ಥದಲ್ಲಿ ನಿಂತಿತು. ಬಾಯಿಯ ಅರ್ಥವು ಉಳಿದುದು ಗುರುಮುಖ, ಮುಖೋದ್ಗತ ಎಂಬಂತಹ ಶಾಸ್ತ್ರೀಯ ಸಮಾಸಗಳಲ್ಲಿ. ಅಲ್ಲಿ ಅದಕ್ಕೆ ವಿದ್ಯೆಯ ಸಹವಾಸವೂ ಮುಖ್ಯತೆಯ ಛಾಯೆಯೂ ದೊರೆತವು. ಉಣ್ಣುವ, ಕೂಗುವ, ಜಗಳವಾಡುವ, ಬಾಯಾರುವ ಕೆಲಸಗಳೆಲ್ಲ ದೇಶ್ಯವಾದ ಬಾಯಿಯ ಪಾಲಿಗೆ ಬಂದವು. ಒಂದೇ ಅವಯವವು ಪಾಠಶಾಲೆಯಲ್ಲಿ ಮುಖವಾಗಿ, ಹೊಲಮನೆಗಳಲ್ಲಿ ಬಾಯಾಗಿ ಉಳಿಯಿತು.

ಶಾಸ್ತ್ರವು ಮಾತ್ರ ಈ ಭೇದವನ್ನು ಒಪ್ಪಿಲ್ಲವೆಂಬುದು ಗಮನಾರ್ಹ. ಪಾಣಿನಿಯು ಸವರ್ಣದ ಲಕ್ಷಣವನ್ನು ಹೇಳುವಾಗ ಆಸ್ಯದಲ್ಲಿನ ಸ್ಥಾನವನ್ನೂ ಪ್ರಯತ್ನವನ್ನೂ ಮಾತ್ರ ಗಣಿಸುವನು; ಆಸ್ಯವು ಯಾರದೆಂದು ಕೇಳುವುದಿಲ್ಲ. ೧೩ನೆಯ ಶತಮಾನದ ಕೇಶಿರಾಜನು ಶಬ್ದಮಣಿದರ್ಪಣದಲ್ಲಿ ದೇಹವನ್ನು ವಾದ್ಯವೆಂದೂ ನಾಲಗೆಯನ್ನು ಅದನ್ನು ನುಡಿಸುವ ದಂಡವೆಂದೂ ಆತ್ಮನನ್ನು ಕರ್ತೃವೆಂದೂ ನಿರೂಪಿಸಿರುವನು. ಆ ವಾದ್ಯವು ಪಂಡಿತನಲ್ಲಿ ಒಂದು ತೆರನಾಗಿಯೂ ಪಾಮರನಲ್ಲಿ ಇನ್ನೊಂದು ತೆರನಾಗಿಯೂ ಇರುವುದೆಂದು ಅವನು ಹೇಳಿಲ್ಲ. ಇನ್ನೂ ಹಿಂದಕ್ಕೆ ಹೋದರೆ, ೯ನೆಯ ಶತಮಾನದ ಕವಿರಾಜಮಾರ್ಗವು ಕನ್ನಡನಾಡಿನ ಜನರನ್ನು ಹೊಗಳುವಾಗ, ಓದಿನ ಅಭ್ಯಾಸವಿಲ್ಲದೆಯೂ ಕಾವ್ಯಪ್ರಯೋಗದಲ್ಲಿ ನುರಿತ ಬುದ್ಧಿಯುಳ್ಳವರೆಂದಿರುವುದು ಸುಪ್ರಸಿದ್ಧ. ಉಪಲಬ್ಧವಾದ ಮೊದಲನೆಯ ಕನ್ನಡಗ್ರಂಥವೇ ಗ್ರಂಥವಿಲ್ಲದವರ ಕವಿತ್ವಕ್ಕೆ ಸಾಕ್ಷಿ ನುಡಿಯುತ್ತಿರುವಾಗ, ಮುಂದಿನ ವಿಮರ್ಶಕರು ಆ ಸಾಕ್ಷ್ಯವನ್ನು ನಾಡಿನ ಹೊಗಳಿಕೆಯೆಂದಷ್ಟೇ ಬಗೆದು ದಾಟಿಹೋದುದು ಆಶ್ಚರ್ಯಕರ.

ಈ ಅನಾದರದ ಪರಿಣಾಮವು ಸಾಹಿತ್ಯಚರಿತ್ರೆಯಲ್ಲಿ ಕಾಣುವುದು. ೧೯೦೭, ೧೯೧೯, ೧೯೨೯ನೆಯ ಇಸವಿಗಳಲ್ಲಿ ಮೂರು ಸಂಪುಟಗಳಾಗಿ ಹೊರಬಂದ ಆರ್. ನರಸಿಂಹಾಚಾರ್ಯರ ಕರ್ಣಾಟಕ ಕವಿಚರಿತೆಯ ಉಪಕಾರವನ್ನು ಮರೆಯುವ ಕನ್ನಡಿಗನಿಲ್ಲ. ಆದರೆ ಓಲೆಗರಿಯೂ ಶಾಸನವೂ ಆಧಾರವಾಗಿದ್ದ ಆ ಗ್ರಂಥದ ಪದ್ಧತಿಯಲ್ಲಿ, ಹೆಸರಿಲ್ಲದೆ ಬಾಯಿಂದ ಬಾಯಿಗೆ ಬಂದ ಹಾಡಿಗೆ ಎಡೆಯಿರುವುದು ಸಾಧ್ಯವಿರಲಿಲ್ಲ. ಪದ್ಧತಿಯ ಈ ಮಿತಿಯನ್ನು ಅನಂತರದವರು ಸಾಹಿತ್ಯದ ಮಿತಿಯೆಂದೇ ಭಾವಿಸಿದುದು ತಪ್ಪು. ೧೮೮೫ರಿಂದ ಮೊದಲುಮಾಡಿ ಫ್ಲೀಟ್ ಅವರು ಕೆಲವು ಕನ್ನಡಲಾವಣಿಗಳನ್ನು ಇಂಡಿಯನ್ ಆಂಟಿಕ್ವರಿಯಲ್ಲಿ ಪ್ರಕಟಿಸಿದರು. ೧೯೩೧ರಲ್ಲಿ ಹಲಸಂಗಿಯ ಗೆಳೆಯರು ಗರತಿಯ ಹಾಡನ್ನು ಅಚ್ಚುಮಾಡಿಸಿದಾಗ, ಬೀಸುವ ಕಲ್ಲಿನ ಮುಂದೆ ಹುಟ್ಟಿದ ತ್ರಿಪದಿಗಳ ಬಿಗಿಯನ್ನೂ ಸೊಗಸನ್ನೂ ಕಂಡು ರಸಿಕರು ಬೆರಗಾದರು. ಬಾಯಾಳಿಯೆಂಬ ಬಯ್ಗುಳವು ಹೆಚ್ಚಾಗಿ ಹೆಂಗಸರ ಪಾಲಿಗೇ ಮೀಸಲಾಗಿದ್ದ ನಾಡಿನಲ್ಲಿ, ಆ ಹಾಡುಗಳೆಲ್ಲ ಹೆಂಗಸರ ಬಾಯಲ್ಲಿಯೇ ಬದುಕಿ ಬಂದವುಗಳೆಂಬುದನ್ನು ಇಲ್ಲಿ ನೆನೆಯತಕ್ಕದ್ದು. ಗಾತ್ರದ ವಿಷಯದಲ್ಲಿ ಸಂದೇಹಪಡುವವರಿಗೆ ತುಳುನಾಡಿನ ಸಿರಿಕಾವ್ಯವು ಉತ್ತರವಾಗಿದೆ. ಗೋಪಾಲ ನಾಯ್ಕರು ೧೯೯೦ರಲ್ಲಿ ಹಾಡಿದ ಆ ತುಳು ಕಾವ್ಯವನ್ನು ಲೌರಿ ಹೊಂಕೊ ಅವರೂ ಅವರ ಸಹೋದ್ಯೋಗಿಗಳೂ ೧೯೯೮ರಲ್ಲಿ ಪ್ರಕಟಿಸಿದರು. ಅದರಲ್ಲಿರುವ ಸಾಲುಗಳು ೧೫,೬೮೩; ಗ್ರೀಕರ ಇಲಿಯಡ್ ಕಾವ್ಯದ ಗಾತ್ರಕ್ಕೆ ಇದು ಸರಿಸಮನಾದುದು.

ಇದಕ್ಕೆ ಪ್ರತಿಯಾಗಿ ಹೇಳುವ ಆಕ್ಷೇಪವು ಹುರುಳಿಲ್ಲದುದಲ್ಲ. ಬಾಯಿಯಲ್ಲಿರುವುದು ಸ್ಥಿರವಲ್ಲ, ಹಾಡುವವನೊಬ್ಬನಲ್ಲಿ ಒಂದು ಪಾಠ, ಇನ್ನೊಬ್ಬನಲ್ಲಿ ಇನ್ನೊಂದು, ಇಂತಹುದನ್ನು ಪ್ರಮಾಣವೆಂದು ಹೇಗೆ ಹಿಡಿಯುವುದು? ಇದಕ್ಕೆ ಎರಡು ಸಮಾಧಾನಗಳುಂಟು. ಮೊದಲನೆಯದು, ಕೈಯೂ ಅಷ್ಟೇನೂ ಸ್ಥಿರವಾದುದಲ್ಲ. ಲಿಪಿಕಾರರ ಕೈತಪ್ಪುಗಳನ್ನೂ ಪಾಠಾಂತರಗಳನ್ನೂ ಬಿಡಿಸದೆ ಪಂಪರನ್ನರ ಒಂದು ಪರಿಷ್ಕರಣವೂ ಹೊರಬರಲಾರದು. ಎರಡನೆಯದು, ಬಾಯಿಗೆ ಸ್ಥೈರ್ಯವು ಅಸಾಧ್ಯವೇ ಆಗಿದ್ದರೆ ಶ್ರುತಿಯು ಉಳಿಯುತ್ತಿರಲಿಲ್ಲ. ಪದ, ಕ್ರಮ, ಜಟಾ, ಘನ ಎಂಬ ಪಾಠಕ್ರಮಗಳಿಂದ ಒಂದೊಂದು ಸ್ವರವನ್ನೂ ಕಾಪಾಡಿದುದು ಬಾಯಿಯೇ ಹೊರತು ಓಲೆಯಲ್ಲ. ಬಾಯಿಯ ಸಂಪ್ರದಾಯಕ್ಕೆ ಜಗತ್ತಿನಲ್ಲಿಯೇ ಅತ್ಯುತ್ತಮವಾದ ನಿದರ್ಶನವನ್ನು ತಲೆಯ ಮೇಲೆ ಹೊತ್ತವರು ಬಾಯಿಯ ಸಂಪ್ರದಾಯವನ್ನೇ ಅಲ್ಲಗಳೆಯುವುದು ಯುಕ್ತವಲ್ಲ.

ಹಾಗೆಂದು ಎರಡು ಬಾಯಿಗಳ ಶಿಸ್ತೂ ಒಂದೇ ಎಂದು ಹೇಳಿದರೆ ಅದೂ ಅತಿವಾದವಾದೀತು. ವೇದಪಾಠಿಯು ಕಾಪಾಡುವುದು ಅಕ್ಷರವನ್ನು. ಅಲ್ಲಿ ಒಂದು ಸ್ವರ ತಪ್ಪಿದರೂ ದೋಷ. ಮಾದೇಶ್ವರನ ಕಥೆಯನ್ನು ಕಂಸಾಳೆಯೊಡನೆ ಹಾಡುವ ದೇವರಗುಡ್ಡನು ಕಾಪಾಡುವುದು ಕಥೆಯ ನಡೆಯನ್ನು, ಮಟ್ಟನ್ನು, ಪಡೆಮಾತುಗಳನ್ನು. ಅಲ್ಲಿ ಸಭೆಯ ಹೊತ್ತುಗೊತ್ತುಗಳನ್ನರಿತು ಹಿಗ್ಗಿಸಿ ಕುಗ್ಗಿಸುವುದು ದೋಷವಲ್ಲ, ಗುಣ. ಮೊದಲನೆಯದರ ಅಳತೆಗೋಲಿನಿಂದ ಎರಡನೆಯದನ್ನು ಅಳೆದು ಅಶುದ್ಧವೆನ್ನುವುದು ಅನ್ಯಾಯ. ಎರಡನೆಯದಕ್ಕೆ ಚರಿತ್ರೆಯ ದಾಖಲೆಯ ಭಾರವನ್ನು ಹೊರಿಸುವುದೂ ಅಷ್ಟೇ ಅನ್ಯಾಯ. ಸಂಗೊಳ್ಳಿ ರಾಯಣ್ಣನನ್ನು ಗಲ್ಲಿಗೇರಿಸಿದ ೧೮೩೧ನೆಯ ಇಸವಿಯನ್ನು ಲಾವಣಿಯಲ್ಲಿ ಹುಡುಕಬೇಕಾಗಿಲ್ಲ, ಅದಕ್ಕೆ ಕಾಗದಪತ್ರಗಳುಂಟು. ಅರ್ಧಶತಮಾನದ ಅನಂತರವೂ ಅವನ ಸಾವು ಜನರ ಎದೆಯಲ್ಲಿ ಯಾವ ರೂಪದಲ್ಲಿ ನಿಂತಿದ್ದಿತೆಂಬುದಕ್ಕೆ ಮಾತ್ರ ಲಾವಣಿಯಂತಹ ಪ್ರಮಾಣವು ಕಾಗದಗಳಲ್ಲಿ ದೊರೆಯದು.

ಬರೆದ ಕಾವ್ಯವೂ ಕನ್ನಡದಲ್ಲಿ ಬಾಯಿಯ ಹಂಗನ್ನು ಬಿಟ್ಟು ಬಾಳಿದುದಲ್ಲ. ಕುಮಾರವ್ಯಾಸನ ಭಾರತವು ಅಕ್ಷರವರಿಯದವರ ಮನೆಗಳಿಗೆ ಹೊಕ್ಕುದು ಓಲೆಯ ಕಟ್ಟಿನಿಂದಲ್ಲ, ಗಮಕಿಯ ಬಾಯಿಂದ. ಓಲೆಯು ಕಾವ್ಯವನ್ನು ಉಳಿಸಿತು. ಬಾಯಿ ಅದನ್ನು ನಡೆಸಿತು. ಈ ಎರಡು ಉಪಕಾರಗಳಲ್ಲಿ ಒಂದನ್ನು ಮಾತ್ರ ಲೆಕ್ಕಕ್ಕೆ ತೆಗೆದುಕೊಂಡ ಸಾಹಿತ್ಯಚರಿತ್ರೆಯು ಅಪೂರ್ಣವಾದುದು.

ಆದುದರಿಂದ ಬಾಯಿಮಾತೆಂಬ ಒಂದು ಮಾತಿನಿಂದ ಯಾವುದೊಂದು ಪಾಠವನ್ನೂ ತಳ್ಳಿಹಾಕುವ ಪದ್ಧತಿಯನ್ನು ವಿಮರ್ಶಕರು ಬಿಡತಕ್ಕದ್ದು. ಯಾರ ಬಾಯಿ, ಯಾವ ಶಿಸ್ತಿನ ಬಾಯಿ, ಎಂತಹ ಸಭೆಯ ಮುಂದೆ ತೆರೆದ ಬಾಯಿ ಎಂದು ಮೊದಲು ವಿಚಾರಿಸಿ, ಅನಂತರ ಪ್ರಾಮಾಣ್ಯವನ್ನು ನಿರ್ಣಯಿಸುವುದು ಲೇಸು. ಶಾಲೆಗಳಲ್ಲಿಯೂ ಇದರ ಆರಂಭವು ಸುಲಭ. ಅಜ್ಜಿಯಿಂದ ಕಲಿತ ಹಾಡೊಂದನ್ನು ಹುಡುಗಿಯು ತಡೆಯಿಲ್ಲದೆ ಹೇಳಿದಾಗ, ಅದೂ ಮುಖೋದ್ಗತವೇ ಎಂಬುದನ್ನು ಉಪಾಧ್ಯಾಯರು ಅರಿತು, ಆ ಹಾಡನ್ನು ಅವಳ ಬಾಯಿಂದಲೇ ಕೇಳಿ ಬರೆದಿಟ್ಟುಕೊಂಡರೆ ಸಾಕು.